ಅಂಗಡಿಯ ತಾರೀಕು, ಹೊರಗಿನ ತಾರೀಕು

ಹೊನ್ನಾವರದ ಬಜಾರಿನಲ್ಲಿ ನಮ್ಮದು ಒಂದೇ ಶಟರಿನ ಎರಡು ಅಂಗಡಿ. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಎಡಗಡೆ ನನ್ನ ಕಂಪ್ಯೂಟರ್ ರಿಪೇರಿ, ಬಲಗಡೆ ಹೆಂಡತಿಯ ಹೊಲಿಗೆ. ಗಿರಾಕಿ ಯಾರಿಗೆ ಹೆಚ್ಚು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ನನ್ನ ಕಡೆ ಇಟ್ಟ ಕುರ್ಚಿಗಳಲ್ಲೂ ಯಾವಾಗಲೂ ಅವಳ ಗಿರಾಕಿಗಳೇ ಕೂತಿರುತ್ತಾರೆ. ಅವಳ ಅಂಗಡಿಯಲ್ಲಿ ಅಳತೆ ಕನ್ನಡದಲ್ಲಿ, ಚೌಕಾಸಿ ಕೊಂಕಣಿಯಲ್ಲಿ, ಬಣ್ಣದ ಮಾತು ಉರ್ದುವಿನಲ್ಲಿ ನಡೆಯುತ್ತದೆ. ನನ್ನ ಅಂಗಡಿಯಲ್ಲಿ ನಡೆಯುವುದು ಒಂದೇ ಭಾಷೆ, ಬೈಗುಳ. ಅದೂ ಗಿರಾಕಿಗಳಿಗಲ್ಲ, ಯಂತ್ರಗಳಿಗೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೀಬೋರ್ಡ್ ಕುಟ್ಟುವುದು, ಮೇಜಿಗೆ ಗುದ್ದುವುದು, ಸ್ಕ್ರೂಡ್ರೈವರ್ ಎಸೆದು ಆಮೇಲೆ ಮಂಡಿಯೂರಿ ಅದನ್ನೇ ಹುಡುಕುವುದು, ಎಲ್ಲ ಉಂಟು. ಹೆಂಡತಿ ಗೋಡೆಯ ಆಚೆಯಿಂದ ಬರೀ ಶಬ್ದ ಕೇಳಿಯೇ ಯಾವುದು ಯಾವುದೆಂದು ಹೇಳುತ್ತಾಳೆ. ಹೊಸ ಗಿರಾಕಿ ಬೆಚ್ಚಿದರೆ, ಹೆದರಬೇಡಿ, ಇನ್ನೊಂದು ಗಳಿಗೆಗೆ ಚಾ ಕೇಳ್ತಾರೆ ಎಂದು ಸಮಾಧಾನ ಮಾಡುತ್ತಾಳೆ. ನಾನು ಕೇಳಿಯೇ ಕೇಳುತ್ತೇನೆ.

ಅವಳಿಗೆ ಕುಮಟೆಯಿಂದ ಭಟ್ಕಳದವರೆಗೆ ಒಂದು ಹೆಸರಿದೆ: ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ. ನಮ್ಮ ಕಡೆ ಇದು ಸಣ್ಣ ಹೆಸರಲ್ಲ. ದರ್ಜಿ ಸೋಮವಾರ ಅಂದರೆ ಗುರುವಾರ ಹೋಗಬೇಕು, ಹೋದರೂ ಗುಂಡಿ ಹಚ್ಚುವುದು ಬಾಕಿ ಇರುತ್ತದೆ ಅನ್ನುವುದು ಲೋಕಾರೂಢಿ. ಇವಳೊಬ್ಬಳು ಮಾತ್ರ ಸೋಮವಾರ ಅಂದರೆ ಸೋಮವಾರವೇ ಕೊಡುತ್ತಿದ್ದಳು. ಅದರ ಗುಟ್ಟು ಎಂತದು ಎಂದು ನಾನೂ ಕೇಳಿರಲಿಲ್ಲ. ಸ್ವಭಾವ ಇರಬೇಕು ಅಂದುಕೊಂಡಿದ್ದೆ.

ಅವಳ ಅಂಗಡಿಯ ಮೂಲೆಯಲ್ಲಿ ಒಂದು ಕಸೂತಿ ಯಂತ್ರ ಇದೆ. ಅದನ್ನು ನಡೆಸುವುದು ಒಂದು ಪುರಾತನ ಕಂಪ್ಯೂಟರ್; ನಾನು ಅದನ್ನು ಮುದುಕ ಎಂದೇ ಕರೆಯುವುದು. ಯಂತ್ರದ ದಪ್ಪ ಕೇಬಲ್ಲು ಕೂರುವ ಅಗಲದ ತೂತು ಈಗಿನ ಯಾವ ಲ್ಯಾಪ್‌ಟಾಪಿಗೂ ಇಲ್ಲ. ಆದ್ದರಿಂದ ಮುದುಕ ಇದ್ದರೆ ಯಂತ್ರ, ಇಲ್ಲದಿದ್ದರೆ ಅದು ಬಟ್ಟೆ ಒಣಹಾಕುವ ಸ್ಟ್ಯಾಂಡ್. ಮುದುಕನ ಒಳಗೆ ತಾರೀಕು ನೆನಪಿಡುವ ಒಂದು ಬಿಲ್ಲೆಯಂಥ ಸೆಲ್ಲು ಸತ್ತು ಯಾವ ಕಾಲವಾಯಿತೋ. ದಿನಾ ಬೆಳಿಗ್ಗೆ ಎದ್ದಾಗ ಅವನಿಗೆ ಇದು ಯಾವ ವರ್ಷ ಅನ್ನುವುದೇ ಗೊತ್ತಿರುವುದಿಲ್ಲ. ಒಂದು ನೀಲಿ ಪರದೆ ತೋರಿಸಿ ಇವತ್ತು ಎಷ್ಟನೇ ತಾರೀಕು ಎಂದು ಕೇಳಿಕೊಂಡು ನಿಂತಿರುತ್ತಾನೆ. ಅಂಗಡಿಗೆ ಮೊದಲು ಬರುವವಳು ಹೆಂಡತಿ, ಆದ್ದರಿಂದ ತಾರೀಕು ಒತ್ತುವ ಕೆಲಸ ಅವಳದ್ದು. ನಾನು ಮೀನುಪೇಟೆ ಸುತ್ತಿ ಬಂಗಡೆಯ ಚೀಲ ಮನೆಗೆ ಮುಟ್ಟಿಸಿ ಬರುವ ಹೊತ್ತಿಗೆ ಮುದುಕ ಎದ್ದು ಕೂತಿರುತ್ತಿದ್ದ. ಆ ಸೆಲ್ಲು ನನ್ನ ಅಂಗಡಿಯ ಗಾಜಿನ ಡಬ್ಬಿಯಲ್ಲಿ ಮಾರಾಟಕ್ಕೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಭಟ್ಕಳದಿಂದ ಒಬ್ಬರು ಅಜ್ಜಿ ಬಂದರು. ನವಾಯತ ಮುಸಲ್ಮಾನರ ಮನೆಯವರು, ಹೆಂಡತಿಯ ಬಹಳ ಹಳೆಯ ಗಿರಾಕಿ. ಅವರ ಹಿರಿಯ ಮೊಮ್ಮಕ್ಕಳ ಮದುವೆಯ ಓಢಣಿಗೆಲ್ಲ ಅಂಚು ಹಾಕಿದ್ದು ನಮ್ಮ ಯಂತ್ರವೇ. ಈಗ ಕೊನೆಯ ಮೊಮ್ಮಗಳ ನಿಕಾಹ್. ಅಂಚಿನ ಬಳ್ಳಿಯ ವಿನ್ಯಾಸ ಆ ಮನೆಯ ಸ್ವಂತದ್ದು, ಅಜ್ಜಿಯ ಮದುವೆಯ ಓಢಣಿಯಿಂದ ತೆಗೆದದ್ದು. ಆ ಓಢಣಿ ಎಂದೋ ಮುಟ್ಟಿದರೆ ಹರಿಯುವ ಹಾಗಾಗಿ ಹೋಯಿತು. ಬಳ್ಳಿ ಉಳಿದಿದ್ದು ಮುದುಕನ ಡಿಸ್ಕಿನಲ್ಲಿ ಮಾತ್ರ, ಅದೂ ನಮ್ಮ ಯಂತ್ರಕ್ಕೊಂದೇ ಅರ್ಥವಾಗುವ ಲಿಪಿಯಲ್ಲಿ.

ಆ ಬಳ್ಳಿಯಲ್ಲಿ ಒಂದು ಮೂಲೆಗೆ ಒಂದು ಎಲೆಯ ಜಾಗ ಖಾಲಿ ಬಿಟ್ಟಿರುತ್ತದೆ. ಅದನ್ನು ಯಂತ್ರ ಮುಟ್ಟಬಾರದು. ಮನೆಯ ಎಲ್ಲಕ್ಕಿಂತ ಹಿರಿಯ ಹೆಂಗಸು ಆ ಒಂದು ಎಲೆಯನ್ನು ತನ್ನ ಕೈಯಲ್ಲೇ ಹೊಲಿದು ಮದುಮಗಳ ತಲೆಗೆ ಹೊದಿಸಬೇಕು. ಅಜ್ಜಿಗೆ ಅವರ ಅಜ್ಜಿ ಹೊಲಿದಿದ್ದರಂತೆ. ಉಳಿದ ಮೊಮ್ಮಕ್ಕಳಿಗೆ ಇವರೇ ಹೊಲಿದಿದ್ದರು, ಈಗ ಇದೊಂದು ಬಾಕಿ. ಮುಂದಿನ ವಾರ ಶುಕ್ರವಾರ ನಿಕಾಹ್, ಅದಕ್ಕೆ ಮೊದಲಿನ ಬುಧವಾರ ಓಢಣಿ ತಂದು ತನ್ನ ಕೈಯಲ್ಲೇ ಕೊಡಬೇಕು, ಸೊಸೆಯ ಕೈಯಲ್ಲಲ್ಲ ಎಂದು ಅಜ್ಜಿ ಎರಡೆರಡು ಸಲ ಹೇಳಿದರು. ಹೆಂಡತಿ ಆತು ಅಂದಳು. ಅವಳು ಆತು ಅಂದರೆ ಅದು ಸ್ಟಾಂಪ್ ಪೇಪರಿನ ಮೇಲೆ ಬರೆದ ಹಾಗೆ.

ಮಾರನೆಯ ದಿನ ಮಧ್ಯಾಹ್ನ ಒಂದು ಗುಡುಗು ಗುಡುಗಿತು ನೋಡಿ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಬಂದ ಮೇಲೆ ಮುದುಕ ಎದ್ದ, ತಾರೀಕು ಕೇಳಿದ, ಆಮೇಲೆ ಬೆಪ್ಪನ ಹಾಗೆ ಕೂತ. ಡಿಸ್ಕಿನಲ್ಲಿ ಬಳ್ಳಿ ಸುರಕ್ಷಿತ ಇತ್ತು, ಆದರೆ ಆಪರೇಟಿಂಗ್ ಸಿಸ್ಟಮ್ ಕೆಟ್ಟುಹೋಗಿತ್ತು. ಯಂತ್ರದ ಜೊತೆ ಬಂದ ಸೀಡಿ ಕಪಾಟಿನಿಂದ ತೆಗೆದರೆ ಅದರ ಮೇಲೆ ಬೂಷ್ಟು ಜೇಡರ ಬಲೆ ಬರೆದಿತ್ತು. ಸಮುದ್ರದ ಬದಿಯ ಊರಿನಲ್ಲಿ ಉಪ್ಪಿನಕಾಯಿಗೆ ಬಾರದ ಬೂಷ್ಟು ಸೀಡಿಗೆ ಬರುತ್ತದೆ.

ಈಗಿನ ರೆಡಿಮೇಡ್ ಸಿಸ್ಟಮ್‌ಗಳನ್ನು ಹಾಕಿ ನೋಡಿದೆ. ಇಷ್ಟು ಹಳೆಯ ಪ್ರೊಸೆಸರಿಗೆ ನಾವು ಬರುವುದಿಲ್ಲ ಎಂದು ಎಲ್ಲವೂ ಬಾಗಿಲಿನಿಂದಲೇ ತಿರುಗಿದವು. ಉಳಿದದ್ದು ಒಂದೇ ದಾರಿ. ಲಿನಕ್ಸಿನ ಸೋರ್ಸ್, ಅಂದರೆ ಮನುಷ್ಯರು ಬರೆದ ಮೂಲ ಸಾಲುಗಳನ್ನೇ ಇಳಿಸಿಕೊಂಡು, ಮುದುಕನ ಅಳತೆಗೆ ಕಂಪೈಲ್ ಮಾಡುವುದು. ನನ್ನ ಪೆನ್‌ಡ್ರೈವಿನಲ್ಲಿ ಒಂದು ಹಳೆಯ ಪುಟ್ಟ ರಿಪೇರಿ ಸಿಸ್ಟಮ್ ಇತ್ತು. ಅದಕ್ಕೆ ಕಸೂತಿ ಬಾರದು, ಆದರೆ ಕಂಪೈಲ್ ಬರುತ್ತದೆ. ಕಸೂತಿ ಯಂತ್ರದ ಜೊತೆ ಮಾತಾಡುವ ಡ್ರೈವರನ್ನು ಯಾರೋ ಪುಣ್ಯಾತ್ಮ ಯಾವ ಕಾಲದಲ್ಲೋ ಬರೆದು ನೆಟ್ಟಿನಲ್ಲಿ ಬಿಟ್ಟಿದ್ದ. ಹೆಂಡತಿಗೆ ವಿವರಿಸಿದೆ: ರೆಡಿಮೇಡ್ ಅಂಗಿ ಯಾವುದೂ ಆಗದವನಿಗೆ ಬಟ್ಟೆ ತಂದು ಕತ್ತರಿಸಿ ಹೊಲಿಯುವುದು, ಅಷ್ಟೇ. ಅವಳು ಹಾಗಾದರೆ ಕಡೆಗೂ ನೀವು ಒಂದು ಮರ್ಯಾದೆಯ ಕೆಲಸ ಹಿಡಿದಿರಿ ಅಂದಳು.

ಮೊದಲ ದಿನದ ತಪ್ಪುಗಳು ಸಭ್ಯ ತಪ್ಪುಗಳು. ಶುರು ಮಾಡಿದ ಕೂಡಲೇ ಇಂಥ ಸಲಕರಣೆ ಇಲ್ಲ ಅಂತು, ಹಾಕಿದೆ. ಇನ್ನೊಂದು ಇಲ್ಲ ಅಂತು, ಅದನ್ನೂ ಹಾಕಿದೆ. ಅರ್ಧ ದಾರಿಯಲ್ಲಿ ಜಾಗ ಇಲ್ಲ ಅಂತು. ಯಾರದೋ ಗೃಹಪ್ರವೇಶದ ವೀಡಿಯೋ ಅಲ್ಲಿ ಮಲಗಿತ್ತು, ಎಬ್ಬಿಸಿ ಕಳಿಸಿದೆ. ಬೇಗ ಮುಗಿಯಲಿ ಎಂದು ನಾಲ್ಕು ಕೆಲಸ ಒಟ್ಟಿಗೆ ಹಚ್ಚಿದ್ದಕ್ಕೆ ಮೆಮೊರಿ ಸಾಲದೆ ಮುದುಕ ಉಸಿರು ಬಿಟ್ಟ. ಒಂದೊಂದೇ ಮಾಡು ಮಾರಾಯ ಎಂದು ಬಿಟ್ಟೆ, ಮೆಲ್ಲಗೆ ನಡೆದ.

ಈ ಕೆಲಸದಲ್ಲಿ ನಾನು ಕಲಿತ ಒಂದು ಪಾಠ ಇದೆ. ತಪ್ಪಿನ ಸಾಲುಗಳು ಪರದೆ ತುಂಬ ಸುರಿದಾಗ ಕೊನೆಯದನ್ನು ಓದಿ ಪ್ರಯೋಜನ ಇಲ್ಲ. ಕೊನೆಯದು ಬರೀ ಬೊಬ್ಬೆ. ಮೇಲೆ ಮೇಲೆ ಹೋಗಿ ಮೊದಲ ತಪ್ಪನ್ನು ಹಿಡಿಯಬೇಕು, ಕಳ್ಳ ಇರುವುದು ಅಲ್ಲಿ. ಇದನ್ನು ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ. ಅದೇ ಪಾಠದ ಇನ್ನೊಂದು ಅರ್ಧ ಉಂಟು: ತಪ್ಪಲ್ಲದ, ಬರೀ ಎಚ್ಚರಿಕೆಯ ಸಾಲುಗಳನ್ನೂ ಓದಬೇಕು. ಅದನ್ನು ನಾನು ಯಾರಿಗೂ ಕಲಿಸಿರಲಿಲ್ಲ, ಯಾಕೆಂದರೆ ನಾನೇ ಓದುತ್ತಿರಲಿಲ್ಲ.

ಎರಡು ದಿನದಲ್ಲಿ ತುಂಡುಗಳೆಲ್ಲ ತಯಾರಾದವು. ಇನ್ನು ಅವನ್ನು ಒಂದಕ್ಕೊಂದು ಜೋಡಿಸಬೇಕು. ಅಲ್ಲಿ ಡ್ರೈವರ್ ಕೈಕೊಟ್ಟಿತು. ಅದು ಹಳೆಯ ಕಾಲದ್ದು, ಹಳೆಯ ಹೆಸರು ಹಿಡಿದು ಕರೆಯುತ್ತಿತ್ತು, ಹೊಸ ಲಿನಕ್ಸಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಸಾಲು ಹುಡುಕಿ ಹೊಸ ಹೆಸರು ಬರೆದರೆ ಮುಗಿಯಿತು. ಬರೆದೆ. ಮತ್ತೆ ಓಡಿಸಿದೆ. ಅದೇ ತಪ್ಪು, ಅದೇ ಹಳೆಯ ಹೆಸರು. ಫೈಲು ತೆರೆದು ನೋಡಿದೆ. ನಾನು ಬರೆದ ಹೊಸ ಹೆಸರು ಅಲ್ಲೇ ನಗುತ್ತ ಕೂತಿತ್ತು. ಇಡೀ ದಿನ ಬರೆದೆ, ಅಳಿಸಿದೆ, ಬರೆದೆ. ಸ್ಕ್ರೂಡ್ರೈವರ್ ಎಸೆದೆ. ಆ ದಿನ ಚಾ ಕೇಳಲೂ ಮರೆತೆ.

ಅವತ್ತು ಹೆಂಡತಿ ಅಂಗಡಿಯಲ್ಲಿ ಇರಲಿಲ್ಲ. ಮಿರ್ಜಾನದಲ್ಲಿ ಅವಳ ಅಕ್ಕ ಗದ್ದೆಯ ಬದುವಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಆ ದಿನಗಳಲ್ಲಿ ಶಟರ್ ಎತ್ತುವುದು, ಮುದುಕನನ್ನು ಎಬ್ಬಿಸಿ ಫೋನು ನೋಡಿ ತಾರೀಕು ಒತ್ತುವುದು ನನ್ನ ಕೆಲಸ. ಮರುದಿನ ಅವಳು ಬಂದು ಎಬ್ಬಿಸಿದಳು. ನಾನು ಸೋತ ಮುಖದಲ್ಲಿ ಕೂತು, ಅದೇ ಹೆಸರನ್ನು ಅದೇ ಜಾಗದಲ್ಲಿ ಇನ್ನೊಂದು ಸಲ ಬರೆದು ಓಡಿಸಿದೆ. ಮಾತಾಡದೆ ಆಯಿತು! ಮುಂದಿನ ಹಳೆಯ ಹೆಸರಿನ ತಪ್ಪಿಗೆ ಹೋಯಿತು. ಅದನ್ನೂ ತಿದ್ದಿದೆ, ಅದೂ ಆಯಿತು. ಅದರ ಮರುದಿನ ಅವಳು ಮಿರ್ಜಾನಕ್ಕೆ ಹೋದಳು. ನಾನು ಎಬ್ಬಿಸಿದೆ. ಮತ್ತೆ ಎಷ್ಟು ತಿದ್ದಿದರೂ ಏನೂ ತಾಗಲಿಲ್ಲ.

ಸಂಜೆ ಬಸ್ಸಿಳಿದು ಬಂದವಳಿಗೆ ನಾನು ಇದನ್ನು ಹೇಳಬಾರದಿತ್ತು. ಸಿಟ್ಟಿನಲ್ಲಿ ಹೇಳಿಬಿಟ್ಟೆ. ಅವಳು ಚೀಲದಿಂದ ಅಕ್ಕ ಕೊಟ್ಟ ನದಿಮೀನು ತೆಗೆದು ಮೇಜಿನ ಮೇಲಿಟ್ಟು, ಶಾಂತವಾಗಿ, "ಎಂತ ಮಾಡೂದು, ನನ್ನ ಕೈಗುಣ ಹಾಗೆ" ಅಂದಳು.

ಕೈಗುಣ ಅಂತೆ. ನಾಟಿವೈದ್ಯರಿಗೆ ಇರಬಹುದು, ಸಾರಿಗೆ ಒಗ್ಗರಣೆ ಹಾಕುವವರಿಗೆ ಇರಬಹುದು, ಒಂದು ಲೋಹದ ಪೆಟ್ಟಿಗೆಗೆ ಯಾರ ಕೈ ಎಂದು ಹೇಗೆ ಗೊತ್ತಾಗಬೇಕು? ನಾನು ಒಂದು ಭಾಷಣವನ್ನೇ ಮಾಡಿದೆ. ಅವಳು ಮೀನು ಹಾಳಾಗ್ತದೆ, ಮನೆಗೆ ಹೋಗುವಾ ಅಂದಳು. ಅಷ್ಟರಲ್ಲಿ ಸುದ್ದಿ ಬಜಾರಿಗೆ ಮುಟ್ಟಿತ್ತು. ಬೆಳಿಗ್ಗೆ ಚಾದಂಗಡಿಯವನು ತನ್ನ ಕೆಟ್ಟ ಫೋನನ್ನು ನನಗೆ ತೋರಿಸದೆ ಸೀದಾ ಅವಳ ಹತ್ತಿರ ಒಯ್ದು ಒಮ್ಮೆ ಮುಟ್ಟಿ ಅಕ್ಕ ಅಂದ. ನನ್ನ ಅವಸ್ಥೆ ಯಾರಿಗೂ ಬೇಡ.

ಆದರೆ ಅದು ಆಗಲೇ ಸೋಮವಾರ. ಅಂಚು ಹೊಲಿಯಲು ಯಂತ್ರಕ್ಕೇ ಒಂದು ದಿನಕ್ಕಿಂತ ಹೆಚ್ಚು ಬೇಕು. ಹೆಂಡತಿ ತಮಾಷೆ ಮಾಡುತ್ತಿದ್ದರೂ ಓಢಣಿಯ ಬಟ್ಟೆಯನ್ನು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಮಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೊಟ್ಟ ಮಾತು ತಪ್ಪಿ ಅವಳಿಗೆ ಅಭ್ಯಾಸ ಇಲ್ಲ. ಆ ಅಜ್ಜಿ ಎಲೆ ಹೊಲಿಯದೆ ಮೊಮ್ಮಗಳನ್ನು ಕಳಿಸಿದರೆ ಆ ಪಾಪ ನನ್ನ ತಲೆಗೆ ಎಂದು ನನಗೂ ಗೊತ್ತಿತ್ತು.

ಅದಕ್ಕೇ ಅವತ್ತು ಬೆಳಿಗ್ಗೆ ಮೀನುಪೇಟೆಗೆ ಹೋಗದೆ ಅವಳ ಜೊತೆಗೇ ಬಂದಿದ್ದೆ. ಕೈಗುಣ ಅಂದರೆ ಎಂತದು ನೋಡಿಯೇ ಬಿಡುವಾ ಎಂದು ಪೇಪರು ಹಿಡಿದು, ಪೇಪರಿನ ಮೇಲಿಂದ ಅವಳ ಕೈಯನ್ನೇ ನೋಡುತ್ತ ಕೂತೆ. ಅವಳು ಸ್ವಿಚ್ಚು ಹಾಕಿದಳು. ನೀಲಿ ಪರದೆ ಬಂತು. ಗೋಡೆಯಲ್ಲಿ ಅವಳ ಹರಿಯುವ ಕ್ಯಾಲೆಂಡರ್ ಇದೆ, ದಿನಕ್ಕೊಂದು ಹಾಳೆಯದು. ನಿನ್ನೆ ಹರಿಯದೆ ಉಳಿದದ್ದೂ ಸೇರಿ ಅದರಿಂದ ಎರಡು ಹಾಳೆ ಹರಿದಳು, ಕೆಳಗಿನದನ್ನು ನೋಡಿದಳು, ಒತ್ತಿದಳು. ನಾನು ಕ್ಯಾಲೆಂಡರ್ ನೋಡಿದೆ, ಕೈಯಲ್ಲಿದ್ದ ಪೇಪರಿನ ತಲೆ ನೋಡಿದೆ. ಎರಡೂ ಹೊಂದಲಿಲ್ಲ.

"ಇವತ್ತು ಎಷ್ಟನೇ ತಾರೀಕು?" ಎಂದು ಕೇಳಿದೆ.

ಅವಳು ತಿರುಗಿಯೂ ನೋಡದೆ, "ಅಂಗಡಿದೋ, ಹೊರಗಿಂದೋ?" ಅಂದಳು.

ಆಗ ಹೊರಗೆ ಬಂತು ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿಯ ಗುಟ್ಟು. ಅಂಗಡಿ ಶುರುವಾದಂದಿನಿಂದ ಅವಳ ಕ್ಯಾಲೆಂಡರ್ ಮೂರು ದಿನ ಮುಂದೆ ಓಡುತ್ತದೆ. ಕೆಲಸಕ್ಕೆ ಬರುವ ಹೆಂಗಸರೆಲ್ಲ ಅದನ್ನೇ ನೋಡಿ ಹೊಲಿಯುತ್ತಾರೆ. ಅವಳೂ ಬೇಕೆಂದೇ ಅದನ್ನೇ ನಂಬುತ್ತಾಳೆ. ಕೊಡುವ ದಿನ ಬಂತು ಬಂತು ಎಂದು ಎಲ್ಲರೂ ಗಡಿಬಿಡಿ ಮಾಡುತ್ತಾರೆ, ಬಟ್ಟೆ ಮುಗಿದಾಗ ಹೊರಗೆ ಇನ್ನೂ ಮೂರು ದಿನ ಇರುತ್ತದೆ. ಮುದುಕನ ತಾರೀಕೂ ಅಂಗಡಿಯದೇ ಆಗಿರಬೇಕು ಎಂದು ಅವಳ ನ್ಯಾಯ. ಅವನೂ ಅಂಗಡಿಯ ಆಳೇ ಅಲ್ಲವೇ? ಇಷ್ಟು ವರ್ಷ ಆ ಗೋಡೆಯ ಎದುರು ಓಡಾಡಿದವನು ನಾನು, ಒಂದು ದಿನವೂ ನೋಡಿರಲಿಲ್ಲ.

ನನ್ನ ತಲೆಯಲ್ಲಿ ದೀಪ ಹತ್ತಿತು, ಜೊತೆಗೆ ಸಿಟ್ಟೂ ಹತ್ತಿತು. ಕಂಪೈಲ್ ಮಾಡಿಸುವ ಮೇಸ್ತ್ರಿಯಂಥ ಒಂದು ಪ್ರೋಗ್ರಾಮ್ ಇದೆ. ಅದು ಮಹಾ ಸೋಮಾರಿ. ಮೂಲ ಸಾಲಿನ ತಾರೀಕು, ಅದರಿಂದ ತಯಾರಾದ ತುಂಡಿನ ತಾರೀಕು, ಎರಡನ್ನೂ ನೋಡುತ್ತದೆ. ತುಂಡು ಹೊಸದಾಗಿದ್ದರೆ, ಸರಿ ಇದು ಆಗಿದೆ ಎಂದು ಮತ್ತೆ ಮುಟ್ಟುವುದಿಲ್ಲ. ಅವಳು ಎಬ್ಬಿಸಿದ ದಿನ ತಯಾರಾದ ತುಂಡುಗಳಿಗೆಲ್ಲ ಮೂರು ದಿನ ಮುಂದಿನ ಮೊಹರು ಬಿದ್ದಿತ್ತು. ನಾನು ಎಬ್ಬಿಸಿದ ದಿನ ಮಾಡಿದ ತಿದ್ದುಪಡಿ ಹೊರಗಿನ ತಾರೀಕಿನದು. ಇವತ್ತು ತಿದ್ದಿದ ಸಾಲಿಗಿಂತ ನಾಡಿದ್ದಿನ ತುಂಡೇ ಹೊಸದು ಎಂದು ಮೇಸ್ತ್ರಿ ನನ್ನನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಹಿಂದಿನ ದಿನಗಳ ಸಾಲು ಉಳಿಸಿಟ್ಟ ಫೈಲು ತೆರೆದು ಮೇಲೆ ಹೋಗಿ ನೋಡಿದರೆ, ಈ ಫೈಲು ಮುಂದಿನ ಕಾಲದ್ದು, ಗಡಿಯಾರ ನೋಡಿಕೊಳ್ಳಿ ಎಂದು ಎಚ್ಚರಿಕೆಯ ಸಾಲು ಪ್ರತಿ ಸಲವೂ ಬಂದಿತ್ತು.

ನಾನು ಬಾಯಿಗೆ ಬಂದಷ್ಟು ಅಂದೆ. ಅವಳು ಎಲ್ಲ ಕೇಳಿ, ಕೈಗುಣ ಅಲ್ಲದಿದ್ದರೆ ಅಲ್ಲ, ಮೊದಲು ಆ ಸೆಲ್ಲು ಹಾಕಿ ಅಂದಳು. ಡಬ್ಬಿಯಿಂದ ಸೆಲ್ಲು ತೆಗೆದು ಹಾಕಿದೆ, ಹೊರಗಿನ ತಾರೀಕು ಕೊಟ್ಟೆ, ತಯಾರಾದ ತುಂಡುಗಳನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಅತ್ತ ಅವಳು ಕಸದ ಬುಟ್ಟಿಯಿಂದ ಹಾಳೆಗಳನ್ನು ಹೆಕ್ಕಿ, ಇಸ್ತ್ರಿಪೆಟ್ಟಿಗೆಯಿಂದ ಸುಕ್ಕು ತೆಗೆದು, ಬಟ್ಟೆಗೆ ಚುಚ್ಚುವ ಗುಂಡುಪಿನ್ನಿನಿಂದ ಕ್ಯಾಲೆಂಡರಿಗೆ ವಾಪಸು ಚುಚ್ಚಿದಳು. ಮೂರು ದಿನ ವಾಪಸು ಬಂದದ್ದನ್ನು ನಾನು ಜೀವನದಲ್ಲಿ ಅದೊಂದೇ ಸಲ ಕಂಡದ್ದು. ಕೆಲಸದ ಹೆಂಗಸರು ಹಾಗಾದರೆ ಇವತ್ತು ರಜೆಯೋ ಎಂದು ಕೇಳಿದರು.

ಮಂಗಳವಾರ ಹೊಸ ಸಿಸ್ಟಮ್ ತಯಾರಾಯಿತು. ಇನ್‌ಸ್ಟಾಲ್ ಮಾಡಿ ಎಬ್ಬಿಸಿದರೆ, ನನ್ನ ಡಿಸ್ಕೇ ಸಿಗುತ್ತಿಲ್ಲ ಎಂದು ಅರ್ಧದಲ್ಲಿ ನಿಂತಿತು. ಹಗುರ ಆಗಲಿ ಎಂದು ಬೇಡದ್ದನ್ನೆಲ್ಲ ಕತ್ತರಿಸುವಾಗ ಡಿಸ್ಕು ಓದುವ ಭಾಗವನ್ನೂ ಕತ್ತರಿಸಿದ್ದೆ. ಮನೆಗೆ ಬೀಗ ಹಾಕಿ ಬೀಗದಕೈ ಒಳಗೇ ಬಿಟ್ಟ ಹಾಗೆ. ಅದು ಪೂರ್ತಿ ನನ್ನದೇ ತಪ್ಪು, ಬೈಯಲು ಬೇರೆ ಯಾರೂ ಇರಲಿಲ್ಲ. ಆ ಭಾಗ ಸೇರಿಸಿ ಮತ್ತೆ ಜೋಡಿಸಿದೆ. ಬುಧವಾರ ಬೆಳಿಗ್ಗೆ ಮುದುಕ ತಾರೀಕು ಕೇಳದೆ ಎದ್ದ. ಕೇಬಲ್ಲು ಸಿಕ್ಕಿಸಿದೆ. ಯಂತ್ರ ಒಮ್ಮೆ ಗಂಟಲು ಸರಿ ಮಾಡಿಕೊಂಡು ಟಕಟಕ ಶುರು ಮಾಡಿತು. ಓಢಣಿಯ ಅಂಚಿನಲ್ಲಿ ಮೊದಲ ಎಲೆ ಮೂಡುವಾಗ ನಾನು ಹೆಂಡತಿಯ ಹೆಗಲು ಹಿಡಿದುಕೊಂಡಿದ್ದೆ. ಅಷ್ಟು ಖುಷಿಯಾಗಿತ್ತು.

ಓಢಣಿ ಮುಗಿದದ್ದು ಗುರುವಾರ ಮಧ್ಯಾಹ್ನ. ಮಾತಿಗಿಂತ ಒಂದು ದಿನ ತಡ. ಇಬ್ಬರೂ ಭಟ್ಕಳದ ಬಸ್ಸು ಹತ್ತಿದೆವು. ನಾಳೆಯೇ ನಿಕಾಹ್, ಅಂದರೆ ಮನೆ ತುಂಬ ನೆಂಟರು, ಶಾಮಿಯಾನ, ಬಿರಿಯಾನಿಯ ಹಂಡೆ, ಅದರ ನಡುವೆ ತಲೆ ತಗ್ಗಿಸಿ ಹೋಗಬೇಕು ಎಂದು ನಾನು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಮನೆ ತಣ್ಣಗಿತ್ತು. ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು. ಅಜ್ಜಿ ನಮ್ಮನ್ನು ಕೂರಿಸಿ, ಸೊಸೆಯನ್ನು ಶರಬತ್ತಿಗೆ ಒಳಗೆ ಕಳಿಸಿ, ಓಢಣಿಯನ್ನು ತೊಡೆಯ ಮೇಲೆ ಹರಡಿ ಖಾಲಿ ಎಲೆಯ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೆಂಡತಿ ತಡವಾದದ್ದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದಳು.

"ತಡ ಆಗ್ಲಿಲ್ಲ, ನಿಕಾಹ್ ಈ ಶುಕ್ರವಾರ ಅಲ್ಲ, ಬರೂ ಶುಕ್ರವಾರ" ಅಂದರು ಅಜ್ಜಿ.

ನನ್ನ ಸಿಟ್ಟು ನೆತ್ತಿಗೇರಿತು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಇಡೀ ಊರಿಗೆ ಮೂರು ದಿನ ಮುಂದೆ ಓಡುವವಳನ್ನು ಇವರು ಒಂದು ವಾರ ಮುಂದೆ ಓಡಿಸಿದ್ದರು. ದರ್ಜಿಯ ಮೇಲೆ ಇಷ್ಟೂ ನಂಬಿಕೆ ಇಲ್ಲವಾ ಎಂದು ನಾನು ಕೇಳಿಯೇಬಿಟ್ಟೆ. ಅಜ್ಜಿ ಒಳಬಾಗಿಲ ಕಡೆ ಒಮ್ಮೆ ನೋಡಿ, ಓಢಣಿಯ ಮೇಲಿದ್ದ ಬಲಗೈಯನ್ನು ಎತ್ತಿ ನಮ್ಮ ಮುಂದೆ ಹಿಡಿದರು. ಅದು ನಡುಗುತ್ತಿತ್ತು. ಅವರು ಎಷ್ಟು ಗಟ್ಟಿ ಹಿಡಿದರೂ ನಿಲ್ಲುತ್ತಿರಲಿಲ್ಲ.

"ಒಂದು ಎಲೆಗೆ ನಂಗೆ ಈಗ ಒಂದು ವಾರ ಬೇಕು" ಅಂದರು. "ಸೊಸೆಗೆ ಗೊತ್ತಾದ್ರೆ ನೀವು ಸುಮ್ನೆ ಕೂತ್ಕೊಳ್ಳಿ, ನಾನೇ ಹಾಕ್ತೆ ಅಂತಾಳೆ."

ಹೆಂಡತಿಯ ನಗು ನಿಂತಿತು. ನನಗೆ ಕಣ್ಣು ತುಂಬಿ ಬಂತು, ಅಂಗಳದ ಹಪ್ಪಳ ನೋಡುತ್ತ ಕೂತೆ. ಅವಳು ಚೀಲದಿಂದ ಹಸಿರು ರೇಷ್ಮೆಯ ಉಂಡೆ, ಸೂಜಿಯ ಪೊಟ್ಟಣ ತೆಗೆದಳು. ಒಂದೊಂದೇ ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚತೊಡಗಿದಳು. ಅಜ್ಜಿ ಬೇಡ, ಇದು ನನ್ನ ಕೆಲಸ, ಬೇರೆಯವರ ಕೈ ಸೇರಬಾರದು ಅಂದರು. "ಪೋಣಿಸಿದ್ದು ಹೊಲಿದ ಲೆಕ್ಕಕ್ಕೆ ಬರೂದಿಲ್ಲ ಅಜ್ಜಿ, ಎಲೆ ನಿಮ್ದೇ" ಅಂದಳು ಹೆಂಡತಿ. ಅಜ್ಜಿ ಒಪ್ಪಿದರು. ಸೊಸೆ ಶರಬತ್ತು ತರುವಷ್ಟರಲ್ಲಿ ಆ ಬಟ್ಟೆಯ ತುಂಡು ಅವರ ದಿಂಬಿನ ಕೆಳಗೆ ಸೇರಿತ್ತು.

ನಿಕಾಹಿಗೆ ನಮ್ಮನ್ನೂ ಕರೆದಿದ್ದರು. ಗಂಡಸರ ಕಡೆ ಕೂತ ನನಗೆ ಸಿಕ್ಕಿದ್ದು ಬಿರಿಯಾನಿ ಮಾತ್ರ. ಹೆಂಡತಿ ಒಳಗೆ ಹೋಗಿ ನೋಡಿ ಬಂದಳು. ಎಲೆ ಸ್ವಲ್ಪ ವಾರೆಯಾಗಿತ್ತಂತೆ, ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಮದುಮಗಳು ಇಡೀ ಹೊತ್ತು ಬೇರೆಲ್ಲ ಅಂಚು ಬಿಟ್ಟು ಆ ಮೂಲೆಯನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳಂತೆ.

ಈಗ ಮುದುಕ ಹೊರಗಿನ ತಾರೀಕಿನಲ್ಲಿ ನಡೆಯುತ್ತಾನೆ, ಗೋಡೆಯ ಕ್ಯಾಲೆಂಡರ್ ಮತ್ತೆ ಮೂರು ದಿನ ಮುಂದೆ. ನಾನು ಎಚ್ಚರಿಕೆಯ ಸಾಲುಗಳನ್ನು ಓದುತ್ತೇನೆ, ಕೆಲವು ಸಲ. ಹೆಂಡತಿಯಲ್ಲಿ ಮಾತ್ರ ಒಂದು ಬದಲಾವಣೆ ಆಗಿದೆ. ವಯಸ್ಸಾದವರು ಯಾರಾದರೂ ಬಂದು ಇಂಥ ದಿನ ನನ್ನ ಕೈಗೇ ಕೊಡು ಅಂದರೆ, ಯಾಕೆ ಎಂದು ಕೇಳುವುದಿಲ್ಲ. ಒಂದು ದಿನ ಮೊದಲೇ ಕೊಡುತ್ತಾಳೆ, ಬಟ್ಟೆಯ ಮಡಿಕೆಯೊಳಗೆ ದಾರ ಪೋಣಿಸಿದ ನಾಲ್ಕು ಸೂಜಿ ಇಟ್ಟು.